ಕೋಪನ್‌ಹೇಗನ್ನಿನ ಎಪ್ಪತ್ತು ರೋಗಿಗಳು: ಬುಲಿಮಿಯಾಕ್ಕೆ ಎರಡು ಮಾನಸಿಕ ಚಿಕಿತ್ಸೆಗಳ ಮುಖಾಮುಖಿ

ಮನೋಚಿಕಿತ್ಸೆಯ ಕ್ಷೇತ್ರದಲ್ಲಿ ಒಂದು ಚಿಕಿತ್ಸೆಯನ್ನು ರೂಪಿಸಿದವರೇ ಅದನ್ನು ಪರೀಕ್ಷೆಗೂ ಒಡ್ಡುವುದು ರೂಢಿ; ಹಾಗೆ ಒಡ್ಡಿದಾಗ ಅವರ ಚಿಕಿತ್ಸೆಯೇ ಮೇಲುಗೈ ಪಡೆಯುವುದೂ ಬಹುಮಟ್ಟಿಗೆ ರೂಢಿಯೇ. ಸಂಶೋಧಕರ ಒಲವು ಫಲಿತಾಂಶದೊಳಗೆ ನುಸುಳುವ ಈ ಪ್ರವೃತ್ತಿ ಕ್ಷೇತ್ರದವರಿಗೆ ಗೊತ್ತಿರುವುದರಿಂದ, ಹೊಸ ಚಿಕಿತ್ಸೆಯೊಂದರ ಅಂಕಿಅಂಶಗಳನ್ನು ಅವರು ಒಂದಿಷ್ಟು ಮುರಿದುಕೊಂಡೇ ಓದುತ್ತಾರೆ. 2014ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಯೋಗ ಈ ರೂಢಿಗೆ ಹೊರತಾದುದು. ಸ್ಟಿಗ್ ಪೌಲ್ಸೆನ್ ಮತ್ತು ಸೂಸಾನ್ ಲುನ್ ಎಂಬ ಮನಶ್ಶಾಸ್ತ್ರಜ್ಞರು ಹತೋಟಿ ತಪ್ಪಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಎಂಬ ಕಾಯಿಲೆಯ ರೋಗಿಗಳಿಗೆಂದೇ ಒಂದು ಮನೋವಿಶ್ಲೇಷಣಾ ಚಿಕಿತ್ಸೆಯನ್ನು ರೂಪಿಸಿದ್ದರು. ಅದನ್ನು ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಅವರ ಅರಿವು–ವರ್ತನಾ ಚಿಕಿತ್ಸೆಯ ಎದುರು ನಿಲ್ಲಿಸಿ ನೋಡಿದರು. ಸೋತದ್ದು ಅವರದೇ ಚಿಕಿತ್ಸೆ. ಅದನ್ನು ಅವರು ಮುಚ್ಚಿಡಲಿಲ್ಲ, ಮಸುಕುಗೊಳಿಸಲೂ ಇಲ್ಲ. ಲೇಖಕರ ಪಟ್ಟಿಯಲ್ಲಿ ಫೇರ್‌ಬರ್ನ್ ಅವರ ಹೆಸರೂ ಇದ್ದುದರಿಂದ, ಎರಡೂ ಚಿಕಿತ್ಸೆಗಳ ಜನಕರು ಒಂದೇ ವರದಿಗೆ ಸಹಿ ಹಾಕಿದಂತಾಯಿತು.

ಈ ಪ್ರಯೋಗವನ್ನು ಇಲ್ಲಿ ವಿವರವಾಗಿ ನೋಡುವುದಕ್ಕೆ ಕಾರಣ ಯಾರು ಗೆದ್ದರೆಂಬುದಷ್ಟೇ ಅಲ್ಲ. ಮಾತೇ ಮದ್ದಾಗಿರುವ ಚಿಕಿತ್ಸೆಯೊಂದನ್ನು ಹೇಗೆ ಕಟ್ಟುತ್ತಾರೆ, ಕಟ್ಟಿದವರಿಗೇ ವಿರುದ್ಧವಾಗಿ ಫಲಿತಾಂಶ ಬರಬಲ್ಲಂತೆ ಅದನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ಬುಲಿಮಿಯಾದಷ್ಟು ಸ್ಪಷ್ಟವಾಗಿ ತೋರಿಸುವ ಕಾಯಿಲೆಗಳು ಕಡಿಮೆ.

ಕಾಯಿಲೆಗೆ ಹೆಸರು ಬಂದ ಬಗೆ

ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಜೆರಾಲ್ಡ್ ರಸೆಲ್ ಅವರು 1979ರಲ್ಲಿ ತಾವು ಕಂಡ 30 ರೋಗಿಗಳ ವಿವರವನ್ನು ಪ್ರಕಟಿಸಿ, ಅವರ ಸ್ಥಿತಿಗೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟರು. ಅದನ್ನು ಅವರು ಅನೊರೆಕ್ಸಿಯಾ ನರ್ವೋಸಾದ ಅಶುಭಸೂಚಕ ರೂಪಾಂತರವೆಂದು ಕರೆದದ್ದರಲ್ಲೇ ಆಗಿನ ನಿರಾಶೆ ಎದ್ದು ಕಾಣುತ್ತದೆ. ಈ ರೋಗಿಗಳು ತಡೆಯಲಾಗದೆ ಒಂದೇ ಸಮನೆ ತಿನ್ನುತ್ತಿದ್ದರು, ದಪ್ಪಗಾಗುವ ಭಯದಿಂದ ತಿಂದದ್ದನ್ನು ವಾಂತಿ ಮಾಡುತ್ತಿದ್ದರು ಅಥವಾ ಭೇದಿ ಮಾತ್ರೆ ನುಂಗುತ್ತಿದ್ದರು. ಅನೊರೆಕ್ಸಿಯಾದಲ್ಲಿ ದೇಹ ಸೊರಗಿ ಮನೆಯವರ ಕಣ್ಣಿಗೆ ಬೀಳುತ್ತದೆ. ಬುಲಿಮಿಯಾದಲ್ಲಿ ತೂಕ ಸಾಮಾನ್ಯವಾಗಿಯೇ ಇರುವುದರಿಂದ ಕಾಯಿಲೆ ವರ್ಷಗಟ್ಟಲೆ ಬಚ್ಚಲ ಬಾಗಿಲ ಹಿಂದೆಯೇ ಉಳಿಯುತ್ತದೆ. ಪದೇ ಪದೇ ವಾಂತಿಯಾಗುವುದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪುವ ಅಪಾಯವಿದೆ, ಹಲ್ಲಿನ ಮೇಲ್ಪದರವೂ ಸವೆಯುತ್ತದೆ. ಎಷ್ಟೋ ವೇಳೆ ಮೊದಲು ಅನುಮಾನ ಪಡುವವರು ದಂತವೈದ್ಯರೇ.

ಕಾಯಿಲೆ ಎಷ್ಟು ಗುಟ್ಟಾಗಿತ್ತೆಂಬುದಕ್ಕೆ ಮುಂದಿನ ಪುರಾವೆ ಬಂದದ್ದು ಆಸ್ಪತ್ರೆಯಿಂದಲ್ಲ, ಕಾಸ್ಮೊಪಾಲಿಟನ್ ಎಂಬ ಮಹಿಳಾ ಪತ್ರಿಕೆಯಿಂದ. ತೂಕದ ಹತೋಟಿಗಾಗಿ ವಾಂತಿ ಮಾಡಿಕೊಳ್ಳುವವರು ತಮಗೆ ಬರೆಯಬೇಕೆಂದು ಫೇರ್‌ಬರ್ನ್ ಅವರು 1980ರಲ್ಲಿ ಅದರಲ್ಲಿ ಒಂದು ಪುಟ್ಟ ಪ್ರಕಟಣೆ ಹಾಕಿಸಿದರು. ಉತ್ತರಿಸಿದವರಲ್ಲಿ ಹೆಚ್ಚು ಕಡಿಮೆ 500 ಮಹಿಳೆಯರಿಗೆ ಬುಲಿಮಿಯಾ ಇದ್ದಿರಬಹುದೆಂದು ಪ್ರಶ್ನಾವಳಿಯಿಂದ ತಿಳಿಯಿತು. ಅವರಲ್ಲಿ ಚಿಕಿತ್ಸೆಯಲ್ಲಿದ್ದವರು ಬೆರಳೆಣಿಕೆಯಷ್ಟು ಮಂದಿ.

ಆಕ್ಸ್‌ಫರ್ಡಿನ ಚಿಕಿತ್ಸೆ

ಫೇರ್‌ಬರ್ನ್ ಅವರ ಚಿಕಿತ್ಸೆಯ ಮೊದಲ ವರದಿ 1981ರದು. ಅದರಲ್ಲಿ ಇದ್ದವರು 11 ರೋಗಿಗಳು ಮಾತ್ರ. ಚಿಕಿತ್ಸೆ ಮುಗಿಯುವ ವೇಳೆಗೆ ಅವರಲ್ಲಿ ಒಂಬತ್ತು ಮಂದಿಯ ತಿನ್ನುವಿಕೆ–ವಾಂತಿಯ ಸರದಿ ತಿಂಗಳಿಗೊಮ್ಮೆಗಿಂತ ಕಡಿಮೆಗೆ ಇಳಿದಿತ್ತು. ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಚೀಟಿ ಎತ್ತಿ ಹಂಚಿಕೆ ಮಾಡಿರಲಿಲ್ಲ. ಆದ್ದರಿಂದ ಅದು ಪುರಾವೆಯಲ್ಲ, ಪುರಾವೆ ಹುಡುಕಲು ಸಿಕ್ಕ ಪರವಾನಗಿ ಎನ್ನಬೇಕು. ಆದರೆ ಆ ವರದಿಯ ನಿಜವಾದ ತೂಕವಿದ್ದದ್ದು ಅದರ ಹಿಂದಿನ ವಿಚಾರದಲ್ಲಿ. ಕಾಯಿಲೆ ಯಾಕೆ ಶುರುವಾಯಿತು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಅದು ಯಾಕೆ ನಿಲ್ಲುತ್ತಿಲ್ಲ ಎಂಬುದನ್ನು ಈ ಚಿಕಿತ್ಸೆ ಹಿಡಿದುಕೊಂಡಿತು. ತನ್ನ ಬೆಲೆಯನ್ನೆಲ್ಲ ದೇಹದ ಆಕಾರ ಮತ್ತು ತೂಕದಿಂದಲೇ ಅಳೆದುಕೊಳ್ಳುವ ವ್ಯಕ್ತಿ ಕಟ್ಟುನಿಟ್ಟಾದ ಡಯಟ್ ನಿಯಮಗಳನ್ನು ಹಾಕಿಕೊಳ್ಳುತ್ತಾಳೆ. ಅಂಥ ನಿಯಮ ಒಂದಲ್ಲ ಒಂದು ದಿನ ಮುರಿಯುತ್ತದೆ. ಮುರಿದ ಕ್ಷಣ ‘ಹೇಗೂ ಕೆಟ್ಟಿತಲ್ಲ’ ಎಂದು ಹತೋಟಿ ಪೂರ್ತಿ ಬಿಟ್ಟುಹೋಗುತ್ತದೆ. ಆಮೇಲಿನ ವಾಂತಿ ತಿಂದದ್ದನ್ನೆಲ್ಲ ಅಳಿಸಿಹಾಕಿತೆಂಬ ಹುಸಿ ಧೈರ್ಯ ಕೊಟ್ಟು ಮುಂದಿನ ಬಾರಿಗೆ ದಾರಿ ಮಾಡುತ್ತದೆ, ಜೊತೆಗೆ ಹುಟ್ಟುವ ನಾಚಿಕೆ ಇನ್ನೂ ಬಿಗಿಯಾದ ಡಯಟ್‌ಗೆ ನೂಕುತ್ತದೆ. ವಾಸ್ತವದಲ್ಲಿ ವಾಂತಿಯಿಂದ ಹೊರಬೀಳುವುದು ತಿಂದದ್ದರ ಒಂದು ಭಾಗ ಮಾತ್ರ. ಈ ಸುತ್ತಿನಲ್ಲಿ ಹಸಿವೇ ಅತಿಭಕ್ಷಣೆಯನ್ನು ಸಾಕುತ್ತಿದೆ ಎಂಬುದು ರೋಗಿಗಳಿಗೆ ಬಹಳ ಸಲ ಹೊಸ ಸುದ್ದಿ. ಕಡಿಮೆ ತಿಂದರೆ ರೋಗ ಕಡಿಮೆಯಾಗುತ್ತದೆಂದು ನಂಬಿ ಬಂದವರಿಗೆ ಚಿಕಿತ್ಸಕರು ಹೆಚ್ಚು ಸಲ ತಿನ್ನಿ ಎನ್ನುತ್ತಾರೆ.

ಈ ವಿಚಾರ ಕೈಗೆ ಸಿಗುವುದು ಒಂದು ಹಾಳೆಯಲ್ಲಿ. ಮೊದಲ ಭೇಟಿಯಲ್ಲೇ ರೋಗಿಗೆ ದಿನಚರಿಯ ಹಾಳೆಗಳನ್ನು ಕೊಡುತ್ತಾರೆ. ಅದರಲ್ಲಿ ಹೊತ್ತು, ತಿಂದದ್ದು–ಕುಡಿದದ್ದು, ಜಾಗ ಎಂಬ ಕಾಲಂಗಳಿರುತ್ತವೆ. ಮುಂದಿನ ಸಣ್ಣ ಕಾಲಂನಲ್ಲಿ ತನಗೆ ಅತಿಯಾಯಿತು ಎನ್ನಿಸಿದ ತಿನಿಸಿನ ಎದುರು ರೋಗಿ ಒಂದು ನಕ್ಷತ್ರ ಚಿಹ್ನೆ ಹಾಕಬೇಕು. ಮತ್ತೊಂದು ಕಾಲಂ ವಾಂತಿ, ಭೇದಿ ಮಾತ್ರೆಗಳ ಗುರುತಿಗೆ. ಕೊನೆಯದು ಅಗಲವಾದ ಕಾಲಂ. ಆಗ ಏನು ನಡೆದಿತ್ತು, ಮನಸ್ಸಿನಲ್ಲಿ ಏನಿತ್ತು ಎಂದು ಅಲ್ಲಿ ಬರೆಯಬೇಕು. ಕ್ಯಾಲೊರಿ ಬರೆಯುವ ಕಾಲಂ ಇಲ್ಲ. ಬರೆಯುವುದು ರಾತ್ರಿ ಕುಳಿತು ನೆನಪಿನಿಂದಲ್ಲ, ತಿಂದ ತಕ್ಷಣ. ಆ ನಕ್ಷತ್ರದಲ್ಲಿ ಒಂದು ಸೂಕ್ಷ್ಮವಿದೆ: ಎಷ್ಟು ತಿಂದರೆ ಅತಿ ಎಂಬುದನ್ನು ಅಲ್ಲಿ ನಿರ್ಧರಿಸುವವಳು ರೋಗಿಯೇ. ಒಂದು ಬಿಸ್ಕತ್ತಿನ ಎದುರು ನಕ್ಷತ್ರ ಬಿದ್ದಿದ್ದರೆ ಮುಂದಿನ ಭೇಟಿಯ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಇದರ ಜೊತೆಗೆ ಮೂರು ಊಟ, ಎರಡು ಮೂರು ಲಘು ತಿಂಡಿ, ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ ಎಂಬ ಕ್ರಮ. ವಾರಕ್ಕೊಮ್ಮೆ ಚಿಕಿತ್ಸಕರ ಜೊತೆಯಲ್ಲೇ ತೂಕ, ಉಳಿದ ದಿನ ತಕ್ಕಡಿ ಹತ್ತುವಂತಿಲ್ಲ. ಮೊದಲ ನಾಲ್ಕು ವಾರ ವಾರಕ್ಕೆರಡು ಭೇಟಿ. ಕನ್ನಡಿಯ ಮುಂದೆ ಮತ್ತೆ ಮತ್ತೆ ನಿಲ್ಲುವುದು, ‘ನಿಷಿದ್ಧ’ ತಿನಿಸುಗಳ ಪಟ್ಟಿ, ರೋಗ ಮರುಕಳಿಸುವ ಸಾಧ್ಯತೆ ಇವೆಲ್ಲ ಆಮೇಲಿನ ಘಟ್ಟಗಳಿಗೆ ಸೇರಿದವು.

ಮಾತಿನ ಚಿಕಿತ್ಸೆಯನ್ನು ಹೀಗೆ ಹಂತ ಹಂತವಾಗಿ ಬರೆದಿಡುವುದನ್ನು ಕೆಲವರು ಯಾಂತ್ರಿಕವೆಂದು ಮೂಗು ಮುರಿಯುತ್ತಾರೆ. ಆದರೆ ಬರೆದಿಡದ ಚಿಕಿತ್ಸೆಯನ್ನು ಪರೀಕ್ಷಿಸಲು ಬರುವುದಿಲ್ಲ. ಇನ್ನೊಂದು ಊರಿನ ಚಿಕಿತ್ಸಕರು ಅದನ್ನೇ ಮಾಡಿದರೇ, ಬೇರೇನಾದರೂ ಮಾಡಿದರೇ ಎಂದು ಹೇಳುವ ಬಗೆಯೇ ಇರುವುದಿಲ್ಲ.

ಹೋಲಿಕೆಗೆಂದು ಇಟ್ಟದ್ದು ಎದ್ದು ಬಂದ ಕತೆ

ಕೋಪನ್‌ಹೇಗನ್ನಿಗೆ ಹೋಗುವ ಮೊದಲು ಆಕ್ಸ್‌ಫರ್ಡಿನವರಿಗೇ ಆದ ಒಂದು ಅಚ್ಚರಿಯನ್ನು ಹೇಳಬೇಕು. 1991ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 75 ರೋಗಿಗಳನ್ನು ಮೂರು ಚಿಕಿತ್ಸೆಗಳಿಗೆ ಹಂಚಲಾಗಿತ್ತು: ಪೂರ್ಣ ಸಿಬಿಟಿ, ಅಂದರೆ ಫೇರ್‌ಬರ್ನ್ ಅವರ ಅರಿವು–ವರ್ತನಾ ಚಿಕಿತ್ಸೆ ಒಂದು, ಅದರಿಂದ ಆಕಾರ–ತೂಕಗಳ ಕುರಿತ ಆಲೋಚನೆಯ ಭಾಗವನ್ನು ತೆಗೆದು ಉಳಿಸಿಕೊಂಡ ಬರೀ ವರ್ತನಾ ಚಿಕಿತ್ಸೆ ಇನ್ನೊಂದು, ಖಿನ್ನತೆಗೆಂದು ರೂಪುಗೊಂಡಿದ್ದ, ಐಪಿಟಿ ಎಂಬ ಅಂತರ್‌ವೈಯಕ್ತಿಕ ಚಿಕಿತ್ಸೆ ಮೂರನೆಯದು. ಐಪಿಟಿಯಲ್ಲಿ ಮೊದಲ ಕೆಲವು ಭೇಟಿಗಳಾದ ಮೇಲೆ ಊಟದ ಮಾತೇ ಇಲ್ಲ. ತಾಯಿಯೊಡನೆಯ ಜಗಳ, ಮುರಿದ ಪ್ರೀತಿ, ಹೊಸ ಊರಿನ ಒಂಟಿತನ ಹೀಗೆ ಸಂಬಂಧಗಳಷ್ಟೇ ಅದರ ವಿಷಯ. ಚಿಕಿತ್ಸೆಯ ಕೊನೆಗೆ ಸಿಬಿಟಿ ಮುಂದಿತ್ತು, ಯಾರೂ ಬೆರಗಾಗಲಿಲ್ಲ. ಆದರೆ 1993ರಲ್ಲಿ ಒಂದು ವರ್ಷದ ಅನುಸರಣೆಯ, ಅಂದರೆ ಚಿಕಿತ್ಸೆ ಮುಗಿದ ಮೇಲೂ ರೋಗಿಗಳನ್ನು ಮತ್ತೆ ಅಳೆದು ನೋಡಿದ, ಅಂಕಿಅಂಶಗಳು ಬಂದಾಗ, ಚಿಕಿತ್ಸೆ ನಿಂತ ಮೇಲೂ ಐಪಿಟಿಯವರು ಸುಧಾರಿಸುತ್ತಲೇ ಹೋಗಿ ಸಿಬಿಟಿಯವರ ಸಮಕ್ಕೆ ಬಂದಿದ್ದರು. ವರ್ತನಾ ಚಿಕಿತ್ಸೆಯವರು ಹಿಂದೆ ಬಿದ್ದಿದ್ದರು. ಅನುಸರಣೆಯನ್ನು ಕೈಬಿಟ್ಟಿದ್ದರೆ ಐಪಿಟಿ ಅಲ್ಲಿಗೇ ಕಡತ ಸೇರುತ್ತಿತ್ತು.

ಒಂದು ಕೇಂದ್ರದ ಅಚ್ಚರಿ ಇನ್ನೊಂದು ಕಡೆ ನಿಲ್ಲುತ್ತದೆಯೇ ಎಂದು ನೋಡಲು ಸ್ಟ್ಯಾನ್‌ಫರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ 220 ರೋಗಿಗಳೊಡನೆ ಸಿಬಿಟಿ–ಐಪಿಟಿ ಹೋಲಿಕೆಯನ್ನು ಮತ್ತೆ ಮಾಡಲಾಯಿತು. ಸ್ಟುವರ್ಟ್ ಆಗ್ರಸ್ ಮತ್ತು ಸಂಗಡಿಗರ ಆ ವರದಿ 2000ದಲ್ಲಿ ಬಂತು. ಚಿಕಿತ್ಸೆಯ ಕೊನೆಗೆ ಸಿಬಿಟಿಯಿಂದ ಚೇತರಿಸಿಕೊಂಡವರು ನೂರಕ್ಕೆ 29, ಐಪಿಟಿಯಿಂದ 6. ಅನುಸರಣೆಯಲ್ಲಿ ಮಾತ್ರ ವ್ಯತ್ಯಾಸ ಗಣನೀಯವಾಗಿ ಉಳಿದಿರಲಿಲ್ಲ. ಮಧ್ಯದಲ್ಲಿ ಬಿಟ್ಟುಹೋದವರನ್ನೂ ಲೆಕ್ಕದಲ್ಲಿ ಉಳಿಸಿಕೊಂಡು ತೆಗೆದ ಅಂಕಿ ಇದಾದ್ದರಿಂದ 29 ಎಂಬುದು ಸಣ್ಣದಾಗಿ ಕಾಣುತ್ತದೆ. ಪ್ರಾಮಾಣಿಕ ಲೆಕ್ಕ ಅದೇ.

2003ರಲ್ಲಿ ಫೇರ್‌ಬರ್ನ್, ಝಾಫ್ರಾ ಕೂಪರ್ ಮತ್ತು ರೋಜ್ ಶಾಫ್ರನ್ ತಮ್ಮ ಸಿದ್ಧಾಂತವನ್ನು ವಿಸ್ತರಿಸಿದರು. ಅತಿಯಾದ ಪರಿಪೂರ್ಣತೆಯ ಹಟ, ಬೇರೂರಿದ ಕೀಳರಿಮೆ, ಭಾವೋದ್ವೇಗವನ್ನು ತಾಳಲಾರದ ಸ್ಥಿತಿ, ಸಂಬಂಧಗಳ ತೊಡಕು ಇವು ಕೆಲವರಲ್ಲಿ ಕಾಯಿಲೆಯನ್ನು ಹಿಡಿದಿಡುತ್ತವೆ ಎಂಬುದು ಅದರ ಸಾರ. ಹೀಗೆ ರೂಪುಗೊಂಡ ಸುಧಾರಿತ ಸಿಬಿಟಿಯನ್ನು, ಅಂದರೆ ಸಿಬಿಟಿ–ಇಯನ್ನು, 2009ರಲ್ಲಿ 154 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಎಂಟು ವಾರ ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಮಾನ್ಯ ಜನರ ಮಟ್ಟಕ್ಕೆ ಹತ್ತಿರ ಬಂದು, 60 ವಾರಗಳ ಬಳಿಕವೂ ಹಾಗೆಯೇ ಇದ್ದರು. ಕೋಪನ್‌ಹೇಗನ್ನಿನಲ್ಲಿ ಕಣಕ್ಕಿಳಿದದ್ದು ಈ ರೂಪ.

ಕೋಪನ್‌ಹೇಗನ್

ಡೆನ್ಮಾರ್ಕಿನ ತಂಡದ ಚಿಕಿತ್ಸೆ ಪೂರ್ತಿ ಬೇರೆ ದಿಕ್ಕಿನದು. ತಾಳಲಾಗದ, ಹೆಸರಿಡಲೂ ಆಗದ ಒಳಗಿನ ಭಾವಗಳನ್ನು ನಿಭಾಯಿಸಲು ರೋಗಿ ತಿನ್ನುವಿಕೆ–ವಾಂತಿಯ ಮೊರೆಹೋಗುತ್ತಾಳೆ, ಆ ಭಾವಗಳು ಮಾತಿಗೆ ದಕ್ಕಿದರೆ ರೋಗಲಕ್ಷಣದ ಅಗತ್ಯವೇ ಉಳಿಯುವುದಿಲ್ಲ ಎಂಬುದು ಅದರ ನಂಬಿಕೆ. ಆದ್ದರಿಂದ ಚಿಕಿತ್ಸಕರು ದಿನಚರಿ ಕೊಡುವುದಿಲ್ಲ, ಊಟದ ಕ್ರಮ ಹೇಳುವುದಿಲ್ಲ, ಮಾತು ಎತ್ತ ಹೋಗಬೇಕೆಂದು ನಿರ್ದೇಶಿಸುವುದೂ ಇಲ್ಲ. ವಾರಕ್ಕೊಂದು ಭೇಟಿಯಂತೆ ಎರಡು ವರ್ಷ. ಸಿಬಿಟಿ–ಇಗೆ ಸಿಕ್ಕದ್ದು ಐದು ತಿಂಗಳಲ್ಲಿ 20 ಭೇಟಿ. 70 ರೋಗಿಗಳಲ್ಲಿ 34 ಮಂದಿ ಮೊದಲನೆಯದಕ್ಕೆ, 36 ಮಂದಿ ಎರಡನೆಯದಕ್ಕೆ ಯಾದೃಚ್ಛಿಕವಾಗಿ ಹಂಚಿಕೆಯಾದರು. ಪ್ರಯೋಗದ ಆರಂಭದಲ್ಲಿ, ಐದು ತಿಂಗಳಿಗೆ ಮತ್ತು ಎರಡು ವರ್ಷಕ್ಕೆ ಎಲ್ಲರನ್ನೂ ಅಳೆಯಲಾಯಿತು.

ಅಳತೆಗೆ ಬಳಸಿದ್ದು ಇಡಿಇ ಎಂಬ ಸಂದರ್ಶನ. ಕಳೆದ 28 ದಿನಗಳಲ್ಲಿ ನಡೆದದ್ದನ್ನು ಅದು ಒಂದೊಂದಾಗಿ ಕೆದಕುತ್ತದೆ. ಅತಿಭಕ್ಷಣೆಯೆಂದು ಎಣಿಸಬೇಕಾದರೆ ಆ ಸಂದರ್ಭಕ್ಕೆ ಮಿಕ್ಕ ಪ್ರಮಾಣವೂ ಇರಬೇಕು, ಹತೋಟಿ ತಪ್ಪಿದ ಅನುಭವವೂ ಇರಬೇಕು; ಮದುವೆ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚು ಇಳಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಇಡಿಇಯನ್ನು ರೂಪಿಸಿದವರು ಫೇರ್‌ಬರ್ನ್ ಮತ್ತು ಕೂಪರ್ ಎಂಬುದನ್ನೂ ಹೇಳಿಬಿಡಬೇಕು. ಅಳತೆಗೋಲೇ ಒಂದು ಪಕ್ಷದ್ದೆಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಆದರೆ ತಿಂದದ್ದು, ವಾಂತಿ ಮಾಡಿದ್ದು ನಿಂತಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಯಾವ ಪಕ್ಷದ ಅಳತೆಯಿಂದಲೂ ಬೇರೆ ಉತ್ತರ ಬರಲಾರದೆಂದು ನನಗನ್ನಿಸುತ್ತದೆ.

ಐದು ತಿಂಗಳಿಗೆ ತಿನ್ನುವಿಕೆ–ವಾಂತಿ ಪೂರ್ತಿ ನಿಂತದ್ದು ಸಿಬಿಟಿ–ಇಯಲ್ಲಿ ನೂರಕ್ಕೆ 42 ಮಂದಿಗೆ, ಮನೋವಿಶ್ಲೇಷಣೆಯಲ್ಲಿ 6 ಮಂದಿಗೆ. ತಲೆ ಲೆಕ್ಕದಲ್ಲಿ 36ರಲ್ಲಿ 15, 34ರಲ್ಲಿ 2. ಮನೋವಿಶ್ಲೇಷಣೆ ಆಗಿನ್ನೂ ಕಾಲು ದಾರಿಯನ್ನೂ ಕ್ರಮಿಸಿರಲಿಲ್ಲವಾದ್ದರಿಂದ ಈ ಹೋಲಿಕೆ ಅದಕ್ಕೆ ಅನ್ಯಾಯವೇ ಸರಿ. ನಿಜವಾದ ಪಂದ್ಯ ಎರಡು ವರ್ಷದ್ದು. ಆ ಹೊತ್ತಿಗೆ ಸಿಬಿಟಿ–ಇಯವರ ಚಿಕಿತ್ಸೆ ಮುಗಿದು ಒಂದೂವರೆ ವರ್ಷ ಕಳೆದಿತ್ತು. ಎದುರಿನವರ ಚಿಕಿತ್ಸೆ ಆಗಷ್ಟೇ ಮುಗಿದಿತ್ತು, ಭೇಟಿಗಳ ಸಂಖ್ಯೆಯಲ್ಲೂ ಅವರದೇ ಮೇಲುಗೈ. ಫಲಿತಾಂಶ: 44 ಮತ್ತು 15. ಅಂದರೆ 36ರಲ್ಲಿ 16, 34ರಲ್ಲಿ 5.

ಮನೋವಿಶ್ಲೇಷಣೆ ರೋಗಲಕ್ಷಣವನ್ನು ನಿಧಾನವಾಗಿ ಕಳೆಯುತ್ತದೆ, ಆದರೆ ಆಳವಾದ ಬದಲಾವಣೆ ತರುತ್ತದೆ ಎಂಬ ವಾದ ಹಳೆಯದು. ಅದಕ್ಕೂ ಇಲ್ಲಿ ಆಧಾರ ಸಿಗಲಿಲ್ಲ. ಆಹಾರದ ಕುರಿತ ಚಿಂತೆಗಳಲ್ಲಿ, ಒಟ್ಟಾರೆ ಮಾನಸಿಕ ಯಾತನೆಯಲ್ಲಿ ಎರಡೂ ಗುಂಪುಗಳು ಕೊನೆಗೆ ಗಮನಾರ್ಹವಾಗಿ ಸುಧಾರಿಸಿದವು, ಸಿಬಿಟಿ–ಇಯವರು ಒಟ್ಟಿನಲ್ಲಿ ಬೇಗ ಸುಧಾರಿಸಿದರು.

ಒಪ್ಪಬೇಕಾದ್ದು, ಒಪ್ಪಲಾಗದ್ದು

ಈ ಅಂಕಿಅಂಶಗಳಿಂದ ಮನೋವಿಶ್ಲೇಷಣಾ ಪರಂಪರೆಯನ್ನೇ ತಳ್ಳಿಹಾಕುವವರು ಆತುರಪಡುತ್ತಿದ್ದಾರೆ. ಪರೀಕ್ಷೆಗೊಳಗಾದದ್ದು ಅದರ ಒಂದು ನಿರ್ದಿಷ್ಟ ರೂಪ, ರೋಗಲಕ್ಷಣವನ್ನು ನೇರವಾಗಿ ಮುಟ್ಟದ ರೂಪ. ಜರ್ಮನಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 81 ಹದಿಹರೆಯದ ಹುಡುಗಿಯರಿಗೆ ಸಿಬಿಟಿ ಅಥವಾ ಮನೋಗತಿಶೀಲ ಚಿಕಿತ್ಸೆ ಕೊಡಲಾಯಿತು. ಮನೋವಿಶ್ಲೇಷಣೆಯ ಬಳಗಕ್ಕೇ ಸೇರಿದ ಈ ಎರಡನೆಯ ಚಿಕಿತ್ಸೆಯಿಂದ ಗುಣವಾದವರು ನೂರಕ್ಕೆ ಸುಮಾರು 30, ಸಿಬಿಟಿಯಿಂದ 33, ವ್ಯತ್ಯಾಸವೆನ್ನುವಷ್ಟಿಲ್ಲ. ಐಪಿಟಿಯಂತೂ ಊಟದ ಸುದ್ದಿಯೆತ್ತದೆಯೇ ಕೆಲಸ ಮಾಡಿತ್ತು. ಹಾಗಾಗಿ ಊಟದ ಮಾತಾಡಿದರೆ ಗುಣ, ಆಡದಿದ್ದರೆ ಇಲ್ಲ ಎಂಬ ಸರಳ ಸೂತ್ರ ನಿಲ್ಲುವುದಿಲ್ಲ. ಐಪಿಟಿ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಸಮಾಧಾನಕರ ವಿವರಣೆ ಸಿಕ್ಕಿಲ್ಲ. ಆದರೆ ಸಿಬಿಟಿ–ಇಯೊಡನೆ ಅದನ್ನು 130 ಮಂದಿಯಲ್ಲಿ ಹೋಲಿಸಿದ 2015ರ ಆಕ್ಸ್‌ಫರ್ಡ್ ಪ್ರಯೋಗದಲ್ಲಿ, 60 ವಾರಗಳ ಅನುಸರಣೆಯಲ್ಲೂ ಐಪಿಟಿ ಸಮಕ್ಕೆ ಬರಲಿಲ್ಲ: ನೂರಕ್ಕೆ 69ರ ಎದುರು 49. ಆ ಗುಂಪಿನಲ್ಲಿ ಬುಲಿಮಿಯಾದವರಷ್ಟೇ ಅಲ್ಲದೆ ಬೇರೆ ಆಹಾರ ಸಂಬಂಧಿ ಕಾಯಿಲೆಗಳವರೂ ಇದ್ದರು.

ಕೋಪನ್‌ಹೇಗನ್ ಪ್ರಯೋಗಕ್ಕೆ ಅದರದೇ ಮಿತಿಗಳಿವೆ. ಏನೂ ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲವಾದ್ದರಿಂದ, ಮನೋವಿಶ್ಲೇಷಣೆಯಲ್ಲಿ ಸುಧಾರಿಸಿದವರು ಚಿಕಿತ್ಸೆಯಿಂದ ಸುಧಾರಿಸಿದರೋ ಕಾಲ ಸರಿದುದರಿಂದಲೋ ಹೇಳಲಾಗದು. ಎಪ್ಪತ್ತು ದೊಡ್ಡ ಸಂಖ್ಯೆಯೂ ಅಲ್ಲ. ಆದರೂ ಎರಡು ವರ್ಷ ಕಾದು ನೋಡುವ ತಾಳ್ಮೆ, ಮೇಲುಗೈಯಾಗಬಹುದಾದ ಎಲ್ಲ ಅನುಕೂಲಗಳನ್ನೂ ಸೋತ ಚಿಕಿತ್ಸೆಗೇ ಕೊಟ್ಟ ವಿನ್ಯಾಸ, ಇವೆರಡರಿಂದ ಅದರ ಮಾತಿಗೆ ತೂಕ ಬರುತ್ತದೆ.

ನನ್ನ ಗಮನ ಹೆಚ್ಚು ಹೋಗುವುದು ಗೆದ್ದ ಕಡೆಯ ಇನ್ನೊಂದು ಅಂಕಿಯ ಮೇಲೆ. ಐದು ತಿಂಗಳಿಗೆ 15 ಇದ್ದದ್ದು ಎರಡು ವರ್ಷಕ್ಕೆ 16 ಆಯಿತು. ಗುಣ ಉಳಿದುಕೊಂಡಿತೆಂಬುದು ಒಳ್ಳೆಯ ಸುದ್ದಿ. ಉಳಿದ 20 ಮಂದಿಗೆ ಆಮೇಲೂ ಪೂರ್ತಿ ಬಿಡುಗಡೆ ಸಿಗಲಿಲ್ಲವೆಂಬುದು ಅದೇ ಅಂಕಿಯ ಇನ್ನೊಂದು ಮುಖ. ಅಂಥವರನ್ನು ಮೊದಲೇ ಗುರುತಿಸುವ ದಾರಿಯೊಂದು ಅಮೆರಿಕದ ಆ 220 ರೋಗಿಗಳ ಪ್ರಯೋಗದಿಂದ ಸಿಕ್ಕಿದೆ. ಆರನೆಯ ಭೇಟಿಯ ಹೊತ್ತಿಗೆ ವಾಂತಿಯ ಸರದಿ ನೂರಕ್ಕೆ 70ರಷ್ಟಾದರೂ ಇಳಿಯದಿದ್ದರೆ ಆ ರೋಗಿಗೆ ಸಿಬಿಟಿಯಿಂದ ಗುಣವಾಗುವ ಸಂಭವ ಕಡಿಮೆ. ನಾಲ್ಕನೆಯ ವಾರಕ್ಕೇ ಡಯಟ್‌ನ ಬಿಗಿ ಸಡಿಲವಾದವರಲ್ಲಿ ಕೊನೆಯ ಫಲವೂ ಚೆನ್ನಾಗಿರುತ್ತದೆಂದು ಅದೇ ಪ್ರಯೋಗದ ಅಂಕಿಅಂಶಗಳು ತೋರಿಸಿವೆ. ಹಸಿವೇ ಅತಿಭಕ್ಷಣೆಯನ್ನು ಸಾಕುತ್ತದೆಂಬ 1981ರ ವಿಚಾರಕ್ಕೆ ಇದಕ್ಕಿಂತ ನೇರವಾದ ಬೆಂಬಲ ಬೇರೆ ಸಿಕ್ಕಿದ್ದನ್ನು ನಾನು ಕಾಣೆ. ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಮೊದಲು ಮಾರ್ಗದರ್ಶನ ಸಹಿತ ಸ್ವಸಹಾಯ ಕ್ರಮವನ್ನು, ಅದು ಫಲಿಸದಿದ್ದರೆ ಸಿಬಿಟಿಯನ್ನು ಸೂಚಿಸಿತು. ಹದಿಹರೆಯದವರಿಗೆ ತಂದೆತಾಯಿಯನ್ನೂ ಸೇರಿಸಿಕೊಂಡ ಕುಟುಂಬ ಚಿಕಿತ್ಸೆ ಮೊದಲ ಆಯ್ಕೆ.

ನಮ್ಮ ಕಡೆಗೆ ಬಂದರೆ

ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಗಿದ್ದು, ಉತ್ತರಿಸಿದವರಲ್ಲಿ ಸುಮಾರು ಮೂರನೇ ಎರಡರಷ್ಟು ವೈದ್ಯರು ಆಹಾರ ಸಂಬಂಧಿ ಮಾನಸಿಕ ಕಾಯಿಲೆಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಕಾಯಿಲೆ ಇಲ್ಲಿಲ್ಲ ಎಂಬ ಮಾತಿಗೆ ಅಲ್ಲಿಗೆ ಜಾಗವಿಲ್ಲ. ಆದರೆ ದಿನಚರಿಯ ಆ ಹಾಳೆಯನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಸಾಲದು. ನಾಲ್ಕು ಗಂಟೆಯ ಅಂತರದ ನಿಯಮ ಏಕಾದಶಿಯ, ಶನಿವಾರದ ಒಪ್ಪತ್ತಿನ ಮನೆಗಳಲ್ಲಿ ಮೊದಲ ವಾರವೇ ತಡವರಿಸುತ್ತದೆ. ಯಾವ ಉಪವಾಸ ವ್ರತದ್ದು, ಯಾವುದು ವ್ರತದ ಮರೆಯಲ್ಲಿನ ಡಯಟ್ ಎಂದು ಕೇಳಿ ತಿಳಿಯುವ ಪ್ರಶ್ನೆಗಳನ್ನು ಸಂದರ್ಶನಕ್ಕೇ ಸೇರಿಸಬೇಕಾಗುತ್ತದೆ. ಅತ್ತೆಯೋ ಅಮ್ಮನೋ ಬಡಿಸುವ ಮನೆಯಲ್ಲಿ ಎಷ್ಟು ತಿನ್ನಬೇಕೆಂಬ ನಿರ್ಧಾರ ರೋಗಿಯೊಬ್ಬಳದೇ ಅಲ್ಲ. ಕೂಡು ಮನೆಯಲ್ಲಿ ಗುಟ್ಟಾಗಿ ಹಾಳೆ ತುಂಬುವುದೂ ಸುಲಭವಲ್ಲ, ಮೊಬೈಲಿನಲ್ಲಿ ಬರೆಯುವ ಏರ್ಪಾಡು ಬೇಕಾದೀತು.

ಇಂಥ ಹೊಂದಾಣಿಕೆ ಮಾಡಿ ಪರೀಕ್ಷಿಸುವ ಕ್ರಮ ಪಕ್ಕದ ಗೋವಾದಲ್ಲೇ ನಡೆದಿದೆ, ಬೇರೆ ಕಾಯಿಲೆಗೆ. ವಿಕ್ರಂ ಪಟೇಲ್ ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಆರರಿಂದ ಎಂಟು ಭೇಟಿಗಳ ಸರಳ ಮಾನಸಿಕ ಚಿಕಿತ್ಸೆಯೊಂದನ್ನು ರೂಪಿಸಿ, ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯ ಸಲಹೆಗಾರರ ಕೈಯಲ್ಲಿ ಅದನ್ನು ಕೊಡಿಸಿ, ಯಾದೃಚ್ಛಿಕ ಪ್ರಯೋಗದ ಫಲವನ್ನು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿತು. ಆ ವರದಿಯ ಲೇಖಕರಲ್ಲಿ ಫೇರ್‌ಬರ್ನ್ ಅವರೂ ಇದ್ದಾರೆ. ಬುಲಿಮಿಯಾಕ್ಕೂ ಹಾಗೆ ಮಾಡಲು ಹೊರಡುವವರಿಗೆ ಮೊದಲ ಹೆಜ್ಜೆಗೆ ಬೇಕಾಗುವುದು ನೂರಾರು ರೋಗಿಗಳಲ್ಲ. 1981ರಲ್ಲಿ ಇದ್ದಂತೆ ಹತ್ತು ಹನ್ನೊಂದು ಮಂದಿ, ಅವರ ಮೊದಲ ಆರು ಭೇಟಿಗಳ ನಿಖರ ದಾಖಲೆ, ಮತ್ತು ಚಿಕಿತ್ಸೆ ಮುಗಿದು ವರ್ಷದ ಮೇಲೂ ಅವರನ್ನು ಹುಡುಕಿಕೊಂಡು ಹೋಗಿ ಕೇಳಲು ಒಬ್ಬರು.